ಅನ್ವಯಿಸುವುದಿಲ್ಲ

ಮೂವತ್ತು ವರ್ಷದಿಂದ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳ ಕೈಗೆ ಯಾರಾದರೂ ಒಂದು ಪ್ರಶ್ನೆಪತ್ರಿಕೆ ಕೊಟ್ಟು, "ತಗೊಳ್ಳಿ ಮೇಡಂ, ಈಗ ನೀವು ಬರೆಯಿರಿ" ಅಂದರೆ ಹೇಗಿರುತ್ತದೆ? ಹೋದ ವರ್ಷ ಜೂನ್ ತಿಂಗಳಲ್ಲಿ ನನಗೆ ಹಾಗೇ ಆಯಿತು. ಜಾಗ, ರಾಜಾಜಿನಗರದ ಒಂದು ಆಸ್ಪತ್ರೆ. ಚರ್ಮರೋಗ ವಿಭಾಗದ ಹೊರಗಿನ ಉದ್ದನೆಯ ಬೆಂಚು. ನನ್ನ ಎಡಗಡೆ ತಲೆತುಂಬ ಸೆರಗು ಹೊದ್ದ ಒಬ್ಬ ಅಜ್ಜಿ, ಬಲಗಡೆ ದುಪಟ್ಟಾದಲ್ಲಿ ಕುತ್ತಿಗೆ ಸುತ್ತಿಕೊಂಡ ಒಬ್ಬ ಹುಡುಗಿ. ಜೂನ್ ಸೆಕೆಯಲ್ಲಿ ಇಷ್ಟೊಂದು ಹೊದ್ದುಕೊಂಡು ಕೂತಿರುವ ಜನ ಇನ್ನೆಲ್ಲಿ ಸಿಗುತ್ತಾರೆ? ನಾನೂ ಮೊಣಕೈ ದಾಟಿದ ತೋಳಿನ ರವಿಕೆ ತೊಟ್ಟು ಅವರ ನಡುವೆ ಕೂತಿದ್ದೆ.

ಇಪ್ಪತ್ತೈದು ಇಪ್ಪತ್ತಾರು ವಯಸ್ಸಿನ ಡಾಕ್ಟರಮ್ಮ ಬಂದು ಎಲ್ಲರಿಗೂ ಒಂದೊಂದು ಹಾಳೆ ಹಂಚಿದಳು. ಕನ್ನಡದಲ್ಲೇ ಇತ್ತು. ಒಟ್ಟು ಹತ್ತು ಪ್ರಶ್ನೆ. ಕಳೆದ ಒಂದು ವಾರದಲ್ಲಿ ನಿಮ್ಮ ಚರ್ಮದ ತೊಂದರೆಯಿಂದ ನಿಮ್ಮ ಬದುಕಿಗೆ ಎಷ್ಟು ಅಡ್ಡಿಯಾಯಿತು ಎನ್ನುವುದೇ ಎಲ್ಲ ಪ್ರಶ್ನೆಗಳ ತಿರುಳು. ಉತ್ತರ ಬರೆಯುವ ಕಷ್ಟವಿಲ್ಲ, ಚೌಕದಲ್ಲಿ ಗುರುತು ಹಾಕಿದರಾಯಿತು. ವಿಪರೀತ ಎಂದರೆ ಮೂರು ಅಂಕ, ಬಹಳ ಎಂದರೆ ಎರಡು, ಸ್ವಲ್ಪ ಎಂದರೆ ಒಂದು, ಏನೂ ಇಲ್ಲ ಎಂದರೆ ಸೊನ್ನೆ. ಮೂರನೆಯ ಪ್ರಶ್ನೆಯಿಂದ ಮುಂದಕ್ಕೆ ಇನ್ನೊಂದು ಚೌಕವೂ ಉಂಟು: ಅನ್ವಯಿಸುವುದಿಲ್ಲ. ಒಟ್ಟು ಮೂವತ್ತು ಅಂಕ. ಹೆಚ್ಚು ಬಂದಷ್ಟೂ ಕೆಟ್ಟದ್ದು. ನಮ್ಮ ಪರೀಕ್ಷೆಗಳಿಗೆ ತದ್ವಿರುದ್ಧ.

"ಟೀಚರಾ ನೀವು? ಹಾಗಾದರೆ ಬೇಗ ಮುಗಿಸ್ತೀರ" ಎಂದಳು ಡಾಕ್ಟರಮ್ಮ. ನಿಜಕ್ಕೂ ಎರಡೇ ನಿಮಿಷದಲ್ಲಿ ಮುಗಿಸಿದೆ. ಬೇಗ ಬರೆದು ಮುಗಿಸುವ ಮಕ್ಕಳ ಬಗ್ಗೆ ನನಗೆ ಯಾವಾಗಲೂ ಅನುಮಾನ. ಆ ಹೊತ್ತಿಗೆ ಅದು ನೆನಪಾಗಲಿಲ್ಲ.

ನನ್ನ ಕಾಯಿಲೆಯ ಹೆಸರು ಸೋರಿಯಾಸಿಸ್. ಶುರುವಾದದ್ದು 1999ರಲ್ಲಿ, ಮಗಳಿಗೆ ಆಗ ಮೂರು ವರ್ಷ. ಮೊದಲು ಬಲ ಮೊಣಕೈ ಮೇಲೆ ಒಂದು ರೂಪಾಯಿಯಗಲದ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಹೊಟ್ಟು. ಆಮೇಲೆ ಎಡ ಮೊಣಕೈ, ಮಂಡಿ, ತಲೆ, ಬೆನ್ನು. ಕೆರೆದರೆ ಹೊಟ್ಟು ಉದುರಿ, ಅಡಿಯಲ್ಲಿ ಸೂಜಿಮೊನೆಯಷ್ಟು ರಕ್ತ ಕಾಣುತ್ತಿತ್ತು. ಸಾಧಾರಣವಾಗಿ ನಮ್ಮ ಚರ್ಮದ ಹೊರಪದರ ಹುಟ್ಟಿ, ಬಲಿತು, ಉದುರುವುದಕ್ಕೆ ಸುಮಾರು ಒಂದು ತಿಂಗಳು ಬೇಕಂತೆ. ಈ ಕಾಯಿಲೆಯಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಏನನ್ನೋ ತಪ್ಪು ತಿಳಿದು ಅವಸರ ಮಾಡುತ್ತದೆ. ನಾಲ್ಕೈದು ದಿನಕ್ಕೇ ಹೊಸ ಪದರ ಮೇಲಕ್ಕೆ ಬಂದುಬಿಡುತ್ತದೆ. ಬಲಿಯದ ಚರ್ಮ ಒಂದರ ಮೇಲೊಂದು ಕೂತು ಹೊಟ್ಟಾಗುತ್ತದೆ. ಅಂಟುರೋಗವಲ್ಲ. ಮುಟ್ಟಿದರೆ ಬರುವುದಿಲ್ಲ, ಒಂದೇ ಸೋಪು ಬಳಸಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಈ ಮಾತನ್ನು ಇಪ್ಪತ್ತೈದು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳಿದಾಗ "ಅಯ್ಯೋ ಗೊತ್ತು ಬಿಡಿ" ಎನ್ನುತ್ತಲೇ ಎರಡು ಹೆಜ್ಜೆ ಹಿಂದೆ ಸರಿದವರ ಲೆಕ್ಕವೂ ಇಲ್ಲ.

ನನ್ನನ್ನು ಕಾಪಾಡಿದ್ದು ಸೀಮೆಸುಣ್ಣ. ಇದನ್ನು ಹೇಳಿದರೆ ನೀವು ನಗಬಹುದು. ಕಪ್ಪುಹಲಗೆಯ ಮುಂದೆ ನಿಂತ ಮೇಷ್ಟರಮ್ಮನ ಸೆರಗಿನ ಮೇಲೆ ಬಿಳಿ ಪುಡಿ ಇದ್ದರೆ ಯಾರಿಗೂ ಆಶ್ಚರ್ಯವಿಲ್ಲ. ಹೆಗಲ ಮೇಲೆ ಉದುರಿದ್ದು ತಲೆಯ ಹೊಟ್ಟೋ, ಮೊಣಕೈಯ ಹೊಟ್ಟೋ, ಹಲಗೆಯ ಸುಣ್ಣವೋ, ಎಲ್ಲವೂ ಒಂದೇ ಬಣ್ಣ. "ಮಿಸ್, ನಿಮ್ಮ ಸೀರೆ ತುಂಬ ಚಾಕ್‌ಪೀಸ್" ಎಂದು ಮುಂದಿನ ಬೆಂಚಿನ ಹುಡುಗಿಯರು ಹೇಳಿದಾಗ, "ಏನು ಮಾಡ್ಲಿ, ನಿಮಗೋಸ್ಕರ ಅಷ್ಟು ಬರೀತೀನಿ" ಎಂದು ಕೊಡವಿಕೊಳ್ಳುತ್ತಿದ್ದೆ. ಬೇರೆ ಯಾವ ಕೆಲಸದಲ್ಲಿದ್ದರೂ ನನಗೆ ಈ ಅನುಕೂಲ ಇರುತ್ತಿರಲಿಲ್ಲ. ಮುಂದೆ ಶಾಲೆಗೆ ಬಿಳಿ ಹಲಗೆ, ಮಾರ್ಕರ್ ಪೆನ್ನು ಬಂದಾಗ ಎಲ್ಲ ಟೀಚರುಗಳೂ ಖುಷಿಪಟ್ಟರು. ನಾನೊಬ್ಬಳು ಮಾತ್ರ ಗಾಢಬಣ್ಣದ ಸೀರೆಗಳನ್ನೆಲ್ಲ ನಾದಿನಿಗೆ ಕೊಟ್ಟುಬಿಟ್ಟೆ.

ಶುರುವಿನಲ್ಲಿ ಅಮ್ಮನಿಗೆ ಇದ್ದ ಭಯವೇ ಬೇರೆ. ನಾವಿರುವುದು ಬಸವೇಶ್ವರನಗರದಲ್ಲಿ. ಮಾಗಡಿ ರಸ್ತೆ ನಮಗೆ ಹತ್ತಿರ. ಆ ರಸ್ತೆಯಲ್ಲಿ ಸರ್ಕಾರಿ ಕುಷ್ಠರೋಗ ಆಸ್ಪತ್ರೆ ಇದೆ. ಇನ್ನೂ ಮುಂದಕ್ಕೆ ಹೋದರೆ ಸುಮನಹಳ್ಳಿ. ಇವತ್ತು ಸುಮನಹಳ್ಳಿ ಎಂದರೆ ಎಲ್ಲರಿಗೂ ನೆನಪಾಗುವುದು ಮೇಲ್ಸೇತುವೆ ಮತ್ತು ವಾಹನಗಳ ದಟ್ಟಣೆ. ಆ ಹೆಸರು ಬಂದದ್ದು 1970ರ ದಶಕದ ಕೊನೆಯಲ್ಲಿ ಅಲ್ಲಿ ಕುಷ್ಠರೋಗಿಗಳ ಪುನರ್ವಸತಿಗಾಗಿ ಶುರುವಾದ ಸಂಸ್ಥೆಯಿಂದ. ಅಮ್ಮನ ಕಾಲದವರಿಗೆ ಚರ್ಮದ ಮೇಲೆ ಏನೇ ಮೂಡಿದರೂ ಮನಸ್ಸು ಹರಿಯುತ್ತಿದ್ದುದು ಅದೊಂದೇ ಕಡೆಗೆ. "ಡಾಕ್ಟರ ಹತ್ತಿರ ಹೋಗು, ಆದರೆ ಮಾಗಡಿ ರೋಡಿನ ಕಡೆ ಮಾತ್ರ ಬೇಡ, ಯಾರಾದರೂ ನೋಡಿದರೆ ಮಗು ಕಥೆ ಏನು?" ಎಂದಿದ್ದಳು. ಮೂರು ವರ್ಷದ ಮಗುವಿನ ಮದುವೆಯ ಚಿಂತೆ! ನಿಜ ಹೇಳಬೇಕೆಂದರೆ ಕುಷ್ಠವೂ ಈಗ ಹೆದರಬೇಕಾದ ಕಾಯಿಲೆಯಲ್ಲ. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ನುಂಗಿದರೆ ಪೂರ್ತಿ ವಾಸಿಯಾಗುತ್ತದೆ. ಆದರೂ ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕುಷ್ಠವೂ ಒಂದು ಕಾರಣವೆಂದು ಇದ್ದದ್ದನ್ನು ತೆಗೆದುಹಾಕಲು 2019ರವರೆಗೆ ಕಾಯಬೇಕಾಯಿತು. ಔಷಧಿ ಹಳೆಯದಾದರೂ ಹೆದರಿಕೆ ಹಳೆಯದಾಗುವುದಿಲ್ಲ. ಆ ಹೆದರಿಕೆಯ ಒಂದು ಪಾಲು ನಮ್ಮಂಥವರಿಗೂ ಬರುತ್ತದೆ.

ಮತ್ತೆ ಹಾಳೆಗೆ ಬರುತ್ತೇನೆ. ಮೊದಲನೆಯ ಪ್ರಶ್ನೆ ನವೆ, ಉರಿ, ನೋವಿನದು. ರಾತ್ರಿ ಮಲಗಿದ ಮೇಲೆ ಬೆನ್ನು ಗೋಡೆಗೆ ಉಜ್ಜುವವಳು ನಾನು. 'ಬಹಳ' ಎಂದು ಎರಡು ಅಂಕ. ಎರಡನೆಯದು ನಾಚಿಕೆ, ಮುಜುಗರ. ಈ ವಯಸ್ಸಿಗೆ ಇನ್ನೇನು ನಾಚಿಕೆ ಎಂದುಕೊಂಡು ಒಂದು. ಅಂಗಡಿಗೆ ಹೋಗುವುದು, ಮನೆಗೆಲಸ, ಕೈತೋಟಕ್ಕೆ ಅಡ್ಡಿಯೇ ಎಂಬುದು ಮೂರನೆಯದು. ಪಾತ್ರೆ ಸೋಪು ಉರಿಯುತ್ತದೆ, ಒಂದು. ನಾಲ್ಕನೆಯದು: ಯಾವ ಬಟ್ಟೆ ಉಡಬೇಕೆನ್ನುವುದರ ಮೇಲೆ ಪರಿಣಾಮ ಬೀರಿತೇ? ನಾನು ಉಡುವುದೇ ಒಂದು ಥರದ ಸೀರೆ, ಒಂದು ಥರದ ರವಿಕೆ. ಅನ್ವಯಿಸುವುದಿಲ್ಲ. ಐದನೆಯದು ನಾಲ್ಕು ಜನ ಸೇರುವಲ್ಲಿಗೆ ಹೋಗುವುದರ ಬಗ್ಗೆ. ಆ ವಾರ ಮದುವೆಯೂ ಇರಲಿಲ್ಲ, ಮುಂಜಿಯೂ ಇರಲಿಲ್ಲ. ಅನ್ವಯಿಸುವುದಿಲ್ಲ. ಆರನೆಯದು ಆಟೋಟ. ಐವತ್ತೈದರ ಹೆಂಗಸಿಗೆ ಆಟೋಟ! ನಕ್ಕು ಗುರುತು ಹಾಕಿದೆ, ಅನ್ವಯಿಸುವುದಿಲ್ಲ. ಏಳನೆಯದು ಕೆಲಸ. ರಜೆ ಹಾಕಿರಲಿಲ್ಲ, ಸ್ವಲ್ಪ ತೊಂದರೆ, ಒಂದು. ಎಂಟನೆಯದು ಗಂಡ, ಸ್ನೇಹಿತರು, ಬಂಧುಗಳ ಜೊತೆ ಏನಾದರೂ ತೊಡಕು ಬಂತೇ ಎಂದು. ಯಾರೂ ಜಗಳವಾಡಲಿಲ್ಲ, ಸೊನ್ನೆ.

ಒಂಬತ್ತನೆಯದು ಗಂಡ ಹೆಂಡಿರ ನಡುವಿನ ವಿಷಯ. ಓದಿದ ತಕ್ಷಣ ಅಕ್ಕಪಕ್ಕ ನೋಡಿದೆ. ಅಜ್ಜಿಗೆ ಓದಲು ಬಾರದು, ನರ್ಸಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಪ್ರಶ್ನೆ ಓದಿ ಹೇಳುತ್ತಿದ್ದಳು. ಒಂಬತ್ತನೆಯದು ಬಂದಾಗ ಓದಲೇ ಇಲ್ಲ, ತಾನೇ ಗುರುತು ಹಾಕಿ ಮುಂದಕ್ಕೆ ಹೋದಳು. ನನ್ನ ಪೆನ್ನೂ ಅದೇ ಚೌಕಕ್ಕೆ ಓಡಿತು. ಅನ್ವಯಿಸುವುದಿಲ್ಲ. ಹತ್ತನೆಯದು ಚಿಕಿತ್ಸೆಯಿಂದಲೇ ಆಗುವ ಕಿರಿಕಿರಿ. ಡಾಂಬರಿನ ವಾಸನೆಯ ಮುಲಾಮು, ಎಣ್ಣೆಯಾದ ಹಾಸಿಗೆ ಹೊದಿಕೆ, ಬೆಳಗಿನ ಅರ್ಧ ಗಂಟೆ. ಬಹಳ, ಎರಡು.

ಡಾಕ್ಟರಮ್ಮ ಕೂಡಿದಳು. ಏಳು. "ಆರರಿಂದ ಹತ್ತರವರೆಗೆ ಮಧ್ಯಮ ಪರಿಣಾಮ ಅಂತ ಆಂಟಿ. ಪರವಾಗಿಲ್ಲ, ಮುಲಾಮೇ ಮುಂದುವರಿಸೋಣ, ಮೂರು ತಿಂಗಳು ಬಿಟ್ಟು ಬನ್ನಿ" ಎಂದಳು. ಮೂವತ್ತಕ್ಕೆ ಏಳು! ಪಾಸಾದ ಖುಷಿಯಲ್ಲಿ, ಹಾಳೆಯ ಒಂದು ಜೆರಾಕ್ಸ್ ಪ್ರತಿಯನ್ನೂ ಕೇಳಿ ತೆಗೆದುಕೊಂಡು ಬಂದೆ.

ಆ ಪ್ರತಿ ಊಟದ ಮೇಜಿನ ಮೇಲಿತ್ತು. ಸಂಜೆ ಕೆಲಸದಿಂದ ಬಂದ ಮಗಳು ಕಾಫಿ ಕುಡಿಯುತ್ತಾ ಅದನ್ನು ಓದಿದಳು.

"ಅಮ್ಮಾ, ಇದೇನು ನಾಲ್ಕು ಕಡೆ ಅನ್ವಯಿಸಲ್ಲ ಅಂತ ಹಾಕಿದೀಯ?"

"ಅನ್ವಯಿಸಲ್ಲ, ಅದಕ್ಕೆ ಹಾಕಿದೀನಿ."

"ಜನ ಸೇರೋ ಕಡೆ ಹೋಗೋದು ಅನ್ವಯಿಸಲ್ವಾ? ಕೆಂಗೇರಿ ಚಿಕ್ಕಮ್ಮನ ಗೃಹಪ್ರವೇಶಕ್ಕೆ ನನ್ನೊಬ್ಬಳನ್ನೇ ಕಳಿಸಿದ್ದೆ, ಪೇಪರ್ ತಿದ್ದೋದಿದೆ ಅಂತ. ಅದು ಮೇ ತಿಂಗಳು ಅಮ್ಮ. ಶಾಲೆಗೇ ರಜ."

ನಾನು ಸುಮ್ಮನಿದ್ದೆ. ಅವಳು ಬಿಡಲಿಲ್ಲ. ಟೀಚರ್ಸ್ ಡೇ ದಿನ ನಡೆಯುವ ಥ್ರೋಬಾಲ್ ಆಟದಲ್ಲಿ ನಾನು ಮೊದಲು ಕ್ಯಾಪ್ಟನ್ ಆಗಿದ್ದದ್ದು, ಆಮೇಲೆ ಅಂಕ ಬರೆದುಕೊಳ್ಳುವವಳಾಗಿ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತದ್ದು. ತಂಗಿಯ ಮೊಮ್ಮಗುವಿನ ನಾಮಕರಣದಲ್ಲಿ ಎಲ್ಲರೂ ಕೂಸನ್ನು ಎತ್ತಿಕೊಂಡಾಗ ನಾನು ಅಡುಗೆಮನೆಯಲ್ಲಿ ಬಡಿಸುವುದರಲ್ಲೇ ಮುಳುಗಿದ್ದದ್ದು. ಗೌರಿ ಹಬ್ಬಕ್ಕೆ ಬಳೆಗಾರ ಬಂದರೆ, "ಅಳತೆ ಗೊತ್ತಲ್ಲ, ಕೊಟ್ಟುಹೋಗು, ನಾನೇ ಹಾಕ್ಕೋತೀನಿ" ಎಂದು ಬಾಗಿಲಲ್ಲೇ ಕಳಿಸುತ್ತಿದ್ದದ್ದು. ಬಳೆಗಾರ ಕೈ ಹಿಡಿದು, ಹಿಂಡಿ, ಮೃದು ಮಾಡಿ ತೊಡಿಸುತ್ತಾನಲ್ಲ, ಆ ಕೈಯನ್ನು ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ. ಇವಳು ಇದನ್ನೆಲ್ಲ ಯಾವಾಗ ನೋಡಿದಳು? ನಾವು ಮುಚ್ಚಿಟ್ಟೆವೆಂದುಕೊಂಡದ್ದು ಮಕ್ಕಳ ಎದುರಿಗೇ ಬಿದ್ದಿರುತ್ತದೆ.

"ಬಟ್ಟೆ ವಿಷಯ ಕೇಳಲೇಬೇಡ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದಳು. ಒಂಬತ್ತನೆಯ ಪ್ರಶ್ನೆಯ ಬಗ್ಗೆ ಅವಳು ಮಾತೆತ್ತಲಿಲ್ಲ, ಸದ್ಯ. ಅದರ ಬಗ್ಗೆ ನಾನು ಇಷ್ಟು ಮಾತ್ರ ಹೇಳಬಲ್ಲೆ: ನಮ್ಮ ಯಜಮಾನರು ಒಳ್ಳೆಯವರು, ಮಲಗುವ ಕೋಣೆಯ ದೀಪ ಹಾಕಲು ಬಿಡದವಳು ನಾನೇ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನವೆಗಲ್ಲ. ಮೇಷ್ಟರ ಕೆಲಸದ ಒಂದು ಚಿಕ್ಕ ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಅಂಕಪಟ್ಟಿಯಲ್ಲಿ ಪರೀಕ್ಷೆ ಬರೆದು ಏನೂ ಬಾರದ ಮಗುವಿಗೆ ಸೊನ್ನೆ ಹಾಕುತ್ತೇವೆ. ಪರೀಕ್ಷೆಗೇ ಬಾರದ ಮಗುವಿಗೆ 'ಗೈರು' ಎಂದು ಬರೆಯುತ್ತೇವೆ. ಎರಡೂ ಒಂದೇ ಅಲ್ಲ. ಗೈರಾದ ಮಗುವಿನ ಮನೆಗೆ ಹೋಗಿ, ಯಾಕಮ್ಮಾ ಬರಲಿಲ್ಲ ಎಂದು ಕೇಳಬೇಕು. ಜ್ವರವೋ, ಫೀಜು ಕಟ್ಟಿಲ್ಲವೋ, ಮದುವೆ ಗೊತ್ತು ಮಾಡಿಬಿಟ್ಟಿದ್ದಾರೋ! ಹೊಸದಾಗಿ ಸೇರಿದ ಟೀಚರು ಗೈರಿನ ಜಾಗದಲ್ಲಿ ಸೊನ್ನೆ ಹಾಕಿದರೆ ನಾನು ಗದರಿದ್ದೇನೆ. ಅಂಥ ನಾನು ನನ್ನ ಹಾಳೆಯಲ್ಲಿ ಏನು ಮಾಡಿದೆ? ನಾಲ್ಕು ಪ್ರಶ್ನೆಗೆ ಗೈರಾದೆ. ಅದನ್ನು ಸೊನ್ನೆ ಎಂದು ಕೂಡಿಸಿಕೊಂಡು ಏಳು ಬಂತೆಂದು ಸಂತೋಷಪಟ್ಟೆ.

ಮರುದಿನದಿಂದ ಈ ಹಾಳೆಯ ಪೂರ್ವೋತ್ತರ ತಿಳಿದುಕೊಳ್ಳುವ ಹಟ ಹತ್ತಿತು. ಮಗಳೂ ಹುಡುಕಿಕೊಟ್ಟಳು. ಇದನ್ನು ಮಾಡಿದವರು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಕಾರ್ಡಿಫ್ ಊರಿನ ವೈದ್ಯ ಆಂಡ್ರ್ಯೂ ಫಿನ್ಲೇ ಮತ್ತು ಅವರ ಜೊತೆಗಾರ ಗುಲ್ ಕರೀಂ ಖಾನ್. ಪ್ರಕಟವಾದದ್ದು 1994ರಲ್ಲಿ. ಅವರು ಪ್ರಶ್ನೆಗಳನ್ನು ತಮ್ಮ ತಲೆಯಿಂದ ಹುಟ್ಟಿಸಲಿಲ್ಲ ಎನ್ನುವುದು ನನಗೆ ಹಿಡಿಸಿದ ಸಂಗತಿ. 120 ಚರ್ಮರೋಗಿಗಳನ್ನು ಕರೆದು, ಈ ಕಾಯಿಲೆಯಿಂದ ನಿಮ್ಮ ಬದುಕಿನಲ್ಲಿ ಏನೇನು ಕೆಟ್ಟಿದೆ ಎಂದು ಕೇಳಿದರು. ಒಟ್ಟು 49 ಬಗೆಯ ತೊಂದರೆಗಳು ಬಂದವು. ಅವನ್ನು ಸೋಸಿ ಹತ್ತು ಪ್ರಶ್ನೆ ಮಾಡಿ, 200 ರೋಗಿಗಳ ಮೇಲೆ ಪ್ರಯೋಗಿಸಿದರು. ಈಗ ಅದು ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ.

ಅದಕ್ಕೆ ಮೊದಲು ವೈದ್ಯರು ಅಳೆಯುತ್ತಿದ್ದುದು ಚರ್ಮವನ್ನು. ರೋಗಿಯ ಅಂಗೈ ಅಂದರೆ ಮೈಯ ನೂರರಲ್ಲಿ ಒಂದು ಪಾಲು ಎಂದು ಲೆಕ್ಕ. ಎಷ್ಟು ಅಂಗೈಯಗಲ ಮಚ್ಚೆ ಇದೆ ನೋಡಿ. ಜೊತೆಗೆ ಎಷ್ಟು ಕೆಂಪು, ಎಷ್ಟು ದಪ್ಪ, ಎಷ್ಟು ಹೊಟ್ಟು ಎಂದು ಅಂಕ ಕೊಡುವ, 1978ರಲ್ಲಿ ಬಂದ ಇನ್ನೊಂದು ಲೆಕ್ಕವೂ ಇದೆ; ಅದು 72ರವರೆಗೆ ಹೋಗುತ್ತದೆ. ಅವೆಲ್ಲ ಬೇಕೇ ಬೇಕು. ಆದರೆ ಬೆನ್ನಿನ ಮೇಲಿನ ಅಂಗೈಯಗಲದ ಮಚ್ಚೆಯೂ ಕೆನ್ನೆಯ ಮೇಲಿನ ಅಂಗೈಯಗಲದ ಮಚ್ಚೆಯೂ ಒಂದೇ ಏನು? ಅದನ್ನು ಹೊತ್ತವರನ್ನೇ ಕೇಳಬೇಕು. ಹಾಗೆ ಕೇಳಬೇಕು ಎಂದು ಹೊಳೆದದ್ದೇ ಈ ಹಾಳೆಯ ದೊಡ್ಡತನ. 2005ರಲ್ಲಿ ಫಿನ್ಲೇ ಒಂದು ಸುಲಭ ಸೂತ್ರವನ್ನೂ ಹೇಳಿದರು: ಮೈಯ ನೂರರಲ್ಲಿ ಹತ್ತು ಪಾಲಿಗಿಂತ ಹೆಚ್ಚು ಮಚ್ಚೆಯಿರಲಿ, ಅಥವಾ ಆ 72ರ ಲೆಕ್ಕದಲ್ಲಿ ಹತ್ತು ದಾಟಲಿ, ಅಥವಾ ಈ ಹಾಳೆಯಲ್ಲಿ ಹತ್ತು ದಾಟಲಿ, ಸೋರಿಯಾಸಿಸ್ ಗಂಭೀರವಾಗಿದೆ ಎಂದೇ ತಿಳಿಯಿರಿ. ಬ್ರಿಟನ್ನಿನಲ್ಲಿ ದುಬಾರಿ ಇಂಜೆಕ್ಷನ್ ಕೊಡಬೇಕೋ ಬೇಡವೋ ಎನ್ನುವುದಕ್ಕೂ ಈ ಹತ್ತನ್ನು ನೋಡುತ್ತಾರೆ. ಅಂದರೆ ಒಂಬತ್ತಕ್ಕೂ ಹನ್ನೊಂದಕ್ಕೂ ನಡುವೆ ಒಂದು ಬಾಗಿಲಿದೆ ಎಂದಾಯಿತು.

ಗೈರಿನ ವಿಷಯ ನನ್ನೊಬ್ಬಳ ತಲೆಗೇ ಹೊಳೆದದ್ದೂ ಅಲ್ಲ. 2018ರಲ್ಲಿ ಹಂಗೇರಿ ದೇಶದ ಫಾನ್ನಿ ರೆಂಟ್ಸ್ ಎಂಬಾಕೆ ಮತ್ತು ಸಂಗಡಿಗರು ಇದನ್ನೇ ಎತ್ತಿ ಹೇಳಿದರು. 'ಅನ್ವಯಿಸುವುದಿಲ್ಲ' ಎಂದವರಿಗೆ ಸೊನ್ನೆ ಹಾಕಿದರೆ ಅವರ ಕಷ್ಟ ಕಡಿಮೆ ಕಾಣುತ್ತದೆ, ಹಾಗೆ ಗುರುತು ಹಾಕುವವರಲ್ಲಿ ಹೆಂಗಸರೂ ವಯಸ್ಸಾದವರೂ ಹೆಚ್ಚು ಎಂದು. ಓದಿದಾಗ ನಮ್ಮ ಬೆಂಚು ಕಣ್ಣಮುಂದೆ ಬಂತು. ಅವರು ಹೇಳಿದ ಪರಿಹಾರ ಯಾವ ಮೇಷ್ಟರಿಗೂ ಅರ್ಥವಾಗುವಂಥದು. ಗೈರಾದ ಪ್ರಶ್ನೆಗಳನ್ನು ಬಿಟ್ಟು, ಉತ್ತರಿಸಿದ ಪ್ರಶ್ನೆಗಳ ಒಟ್ಟು ಅಂಕಕ್ಕೆ ಲೆಕ್ಕ ಹಾಕಿ, ಆಮೇಲೆ ಮೂವತ್ತಕ್ಕೆ ಏರಿಸಿ. ನಾನು ಪೆನ್ಸಿಲು ತೆಗೆದುಕೊಂಡೆ. ಆರು ಪ್ರಶ್ನೆಗೆ 18 ಅಂಕ. ಹದಿನೆಂಟಕ್ಕೆ ಏಳಾದರೆ ಮೂವತ್ತಕ್ಕೆ ಎಷ್ಟು? ಹನ್ನೊಂದೂ ಮುಕ್ಕಾಲು ಹತ್ತಿರ, ಅಂದರೆ ಹನ್ನೆರಡು. ಹನ್ನೊಂದರಿಂದ ಇಪ್ಪತ್ತರವರೆಗೆ 'ಬದುಕಿನ ಮೇಲೆ ಬಹಳ ಹೆಚ್ಚಿನ ಪರಿಣಾಮ'. ಮೈಮೇಲೆ ಒಂದು ಮಚ್ಚೆಯೂ ಹೆಚ್ಚಾಗಿರಲಿಲ್ಲ. ಲೆಕ್ಕ ಸರಿಮಾಡಿದ್ದಕ್ಕೇ ನಾನು ಬಾಗಿಲಿನ ಆಚೆ ಬಿದ್ದಿದ್ದೆ.

ಲೆಕ್ಕಕ್ಕಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಬೇರೆ. ಹಾಳೆ ಕೇಳುವುದು ಕಳೆದ ವಾರದ ಕಥೆ. ನನ್ನದು ಇಪ್ಪತ್ತೈದು ವರ್ಷದ ಕಥೆ. ಮೊದಲ ವರ್ಷ ಇದೇ ಹಾಳೆ ಕೊಟ್ಟಿದ್ದರೆ ಮದುವೆ ಮನೆಯ ಪ್ರಶ್ನೆಗೆ ಮೂರು ಹಾಕಿರುತ್ತಿದ್ದೆ, ಏಕೆಂದರೆ ಆಗ ಹೋಗುತ್ತಿದ್ದೆ, ಹೋಗಿ ಒದ್ದಾಡುತ್ತಿದ್ದೆ. ಐದನೆಯ ವರ್ಷ ಎರಡು. ಹೋಗುವುದನ್ನೇ ಬಿಟ್ಟ ಮೇಲೆ ಒದ್ದಾಟವೂ ಇಲ್ಲ, ಅಂಕವೂ ಇಲ್ಲ. ಬದುಕು ಒಂದೊಂದೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾ ಬಂದಂತೆ ನನ್ನ ಅಂಕ ಸುಧಾರಿಸುತ್ತಾ ಬಂದಿತ್ತು. ನಾವು ಹೆಂಗಸರು ಇದಕ್ಕೆ 'ಹೊಂದಿಕೊಂಡು ಹೋಗುವುದು' ಎನ್ನುತ್ತೇವೆ. ಅದು ಒಳ್ಳೆಯ ಗುಣವೆಂದೇ ನಮಗೆ ಕಲಿಸಿದ್ದಾರೆ. ನಾನೂ ನನ್ನ ವಿದ್ಯಾರ್ಥಿನಿಯರಿಗೆ ಅದನ್ನೇ ಹೇಳಿದ್ದೇನೆ.

ಸೆಪ್ಟೆಂಬರಿನಲ್ಲಿ ಮತ್ತೆ ರಾಜಾಜಿನಗರಕ್ಕೆ ಹೋದೆ. ಅದೇ ಬೆಂಚು. ಕುತ್ತಿಗೆ ಸುತ್ತಿಕೊಂಡ ಹುಡುಗಿಯೂ ಬಂದಿದ್ದಳು. ಅವಳದು ತೊನ್ನು. ಮಾತಿಗೆ ಸಿಕ್ಕಿದಳು. "ನನಗೆ ನಾಲ್ಕೇ ಆಂಟಿ ಬಂದಿದ್ದು. ನವೆ ಇಲ್ಲ, ನೋವಿಲ್ಲ, ಮುಲಾಮಿನ ಕಾಟ ಇಲ್ಲ" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಗಂಡು ನೋಡೋದನ್ನ ಅಪ್ಪ ನಿಲ್ಲಿಸಿಬಿಟ್ಟಿದಾರೆ. ಅದನ್ನ ಇದರಲ್ಲಿ ಎಲ್ಲಿ ಬರೀಬೇಕು?" ಎಂದು ಕೇಳಿದಳು. ಕಾರ್ಡಿಫಿನ ಆ 120 ಜನ ಹೇಳಿದ್ದರಲ್ಲಿ ಗಂಡು ನೋಡುವ ವಿಷಯ ಬಂದಿತ್ತೋ ಇಲ್ಲವೋ, ಹತ್ತು ಪ್ರಶ್ನೆಯೊಳಗಂತೂ ಅದಕ್ಕೆ ಜಾಗವಿಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ತೊನ್ನಿನವರಿಗೆಂದೇ ನಮ್ಮ ದೇಶದ ರೋಗಿಗಳನ್ನು ಕೇಳಿ ಬೇರೆ ಒಂದು ಪ್ರಶ್ನಾವಳಿ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ ಎಂದು ಓದಿದ್ದೆ. ಅದನ್ನು ಅವಳಿಗೆ ಹೇಳಿದೆ. "ಡಾಕ್ಟರಮ್ಮನಿಗೆ ಬಾಯಿಬಿಟ್ಟು ಹೇಳು, ಚೌಕ ಇಲ್ಲದಿದ್ದರೆ ಪಕ್ಕದಲ್ಲಿ ಬರಿ" ಎಂದೂ ಹೇಳಿದೆ. ಹಾಳೆಯ ಅಂಚಿನಲ್ಲಿ ಬರೆದ ಮಕ್ಕಳಿಗೆ ನಾನೆಂದೂ ಅಂಕ ಕಳೆದವಳಲ್ಲ.

ನನ್ನ ಸರದಿ ಬಂದಾಗ ಡಾಕ್ಟರಮ್ಮನ ಮುಂದೆ ಹಳೆಯ ಪ್ರತಿ, ನನ್ನ ಪೆನ್ಸಿಲಿನ ಲೆಕ್ಕ ಎರಡನ್ನೂ ಇಟ್ಟೆ. ಚಿಕ್ಕವಳಾದರೂ ಸಿಡುಕಲಿಲ್ಲ. ಪೂರ್ತಿ ನೋಡಿದಳು. "ಅನ್ವಯಿಸಲ್ಲ ಅಂದಿದ್ದೀರಲ್ಲ, ಯಾವಾಗಿನಿಂದ ಅನ್ವಯಿಸಲ್ಲ ಆಂಟಿ?" ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಯಾವ ವೈದ್ಯರೂ ಕೇಳದ ಪ್ರಶ್ನೆ. ಥ್ರೋಬಾಲಿನಿಂದ ಶುರುಮಾಡಿ ಬಳೆಗಾರನವರೆಗೂ ಹೇಳಿದೆ. ಲಂಗದ ದಾರ ಕಟ್ಟುವ ಸೊಂಟದ ಸುತ್ತ ಒಡ್ಯಾಣದ ಹಾಗೆ ಮಚ್ಚೆ ಎದ್ದಿದ್ದನ್ನು, ನಾಚಿಕೊಂಡು ಯಾರಿಗೂ ತೋರಿಸದೆ ಇದ್ದದ್ದನ್ನೂ ತೋರಿಸಿದೆ. ಚರ್ಮಕ್ಕೆ ಪೆಟ್ಟು, ತಿಕ್ಕಾಟ ಆದ ಕಡೆಯೇ ಈ ಕಾಯಿಲೆ ಹೊಸದಾಗಿ ಏಳುತ್ತದೆ, ಸೀರೆ ಉಡುವವರಿಗೆ ಇದು ಮಾಮೂಲು, ದಾರದ ಬದಲು ಅಗಲವಾದ ಪಟ್ಟಿ ಹೊಲಿಸಿಕೊಳ್ಳಿ ಎಂದಳು. ಇಷ್ಟು ಸಣ್ಣ ಮಾತು ಇಪ್ಪತ್ತೈದು ವರ್ಷ ತಡವಾಗಿ ಬಂತು. ತಪ್ಪು ಹೇಳದವಳದೂ ಇದೆ.

ರಕ್ತ, ಪಿತ್ತಜನಕಾಂಗದ ಪರೀಕ್ಷೆಗಳೆಲ್ಲ ಆದ ಮೇಲೆ ಮೆಥೊಟ್ರೆಕ್ಸೇಟ್ ಮಾತ್ರೆ ಶುರುವಾಯಿತು. ವಾರಕ್ಕೆ ಒಂದೇ ದಿನ ನುಂಗುವಂಥದು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ. ಆಗಾಗ ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಮಚ್ಚೆ ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಬೆನ್ನು ತಿಳಿಯಾಗಿದೆ, ಮೊಣಕೈ ತೆಳುವಾಗಿದೆ.

ಜನವರಿಯಲ್ಲಿ ಮೂರನೆಯ ಸಲ ಹಾಳೆ ತುಂಬಿದೆ. ಈ ಸಲ ಇಪ್ಪತ್ತು ನಿಮಿಷ ಹಿಡಿಯಿತು. ನವೆ ಒಂದಕ್ಕೆ ಇಳಿದಿತ್ತು, ಚಿಕಿತ್ಸೆಯ ಕಿರಿಕಿರಿಯೂ ಒಂದು. ಆದರೆ ಹಿಂದಿನ ವಾರ ಕೆಂಗೇರಿ ತಂಗಿಯ ಮನೆಯ ಸಂಕ್ರಾಂತಿಗೆ ಹೋಗಿದ್ದೆ. ಎಳ್ಳು ಬೀರುವಾಗ ಒಬ್ಬಾಕೆ ನನ್ನ ಕೈ ನೋಡಿ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆಳೆದಳು. ಐದನೆಯ ಪ್ರಶ್ನೆಗೆ ಎರಡು. ಶಾಲೆಯಲ್ಲಿ ಹುಡುಗಿಯರ ಜೊತೆ ಚೆಂಡೆಸೆದಿದ್ದೆ, ಮೊಣಕೈ ಚರ್ಮ ಬಿರಿಯಿತು. ಆರನೆಯದಕ್ಕೆ ಒಂದು. ಬಟ್ಟೆಯ ಪ್ರಶ್ನೆಗೆ ಯೋಚಿಸಿ ಎರಡು. ಒಂಬತ್ತನೆಯದನ್ನು ಈ ಸಲ ಖಾಲಿ ಬಿಡಲಿಲ್ಲ ಎಂದಷ್ಟೇ ಹೇಳುತ್ತೇನೆ. ಒಟ್ಟು ಕೂಡಿದರೆ ಹತ್ತು. "ಮೈ ಸುಧಾರಿಸಿದೆ, ಅಂಕ ಏಳರಿಂದ ಹತ್ತಕ್ಕೆ ಏರಿದೆ!" ಎಂದು ಡಾಕ್ಟರಮ್ಮ ನಕ್ಕಳು. "ಈ ಸಲ ಗೈರಿಲ್ಲ" ಎಂದೆ.

ಬರುವ ದಾರಿಯಲ್ಲಿ ವಿಜಯನಗರದಲ್ಲಿ ಇಳಿದು ದರ್ಜಿ ಅಂಗಡಿಗೆ ಹೋದೆ. ಇಪ್ಪತ್ತು ವರ್ಷದಿಂದ ಅವನ ಪುಸ್ತಕದಲ್ಲಿ ನನ್ನ ಪುಟ ಇದೆ. ತೋಳಿನ ಉದ್ದ ಹನ್ನೆರಡೂವರೆ ಇಂಚು ಎಂದು ಬರೆದದ್ದು ಒಮ್ಮೆಯೂ ಬದಲಾಗಿಲ್ಲ. ಪುಟ ತೆಗೆದು ಎಂದಿನಂತೆ, "ಹಳೇ ಅಳತೇನೇ ತಾನೆ ಮೇಡಂ?" ಎಂದ.

"ಇಲ್ಲಪ್ಪ" ಎಂದು ತೋಳು ಚಾಚಿದೆ. "ಹೊಸದಾಗಿ ಅಳತೆ ತಗೋ."